ಬಾಗಿದ ಬುಟ್ಟಾ ಸಾಲು

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅಪ್ಪನನ್ನು ‘ಎಣಿಸದ ಕೈ’ ಎನ್ನುತ್ತಿದ್ದರು. ರೇಷ್ಮೆ ಸೀರೆಯ ಒಡಲಿಗೆ ಜರಿ ಹೂವಿನ ಬುಟ್ಟಾ ಹಾಕುವಾಗ ಬೇರೆ ನೇಕಾರರು ಅಂಚಿನಿಂದ ಎಳೆ ಎಣಿಸಿ ಜಾಗ ಗುರುತಿಸಿಕೊಳ್ಳುತ್ತಿದ್ದರು. ಅಪ್ಪ ಎಣಿಸುತ್ತಿರಲಿಲ್ಲ. ಮಗ್ಗದ ಗುಂಡಿಗೆ ಕಾಲಿಳಿಸಿ ಕೂತು, ಎಡಗಣ್ಣು ಮುಚ್ಚಿ, ಆಗಲೇ ನೇಯ್ದ ಬುಟ್ಟಾಗಳ ಸಾಲನ್ನು ಬಲಗಣ್ಣಿನಿಂದ ಒಮ್ಮೆ ದಿಟ್ಟಿಸಿ, ಅದರ ನೇರಕ್ಕೆ ಮುಂದಿನ ಬುಟ್ಟಾಗೆ ಬೆರಳಿಟ್ಟುಬಿಡುತ್ತಿದ್ದರು. ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಅವರ ಒಂದು ಇಡೀ ಸೀರೆಯನ್ನು ಹಿಂಬದಿಯಿಂದ ಎಣಿಸಿ ನೋಡಿದ್ದೆ. ನೂರಾ ಹನ್ನೆರಡು ಬುಟ್ಟಾಗಳಲ್ಲಿ ಒಂದೇ ಒಂದು ಎರಡೆಳೆ ಆಚೆ ಹೋಗಿತ್ತು. ಡೈರಿಯಲ್ಲಿ ಬರೆದುಕೊಂಡು ಅಪ್ಪನಿಗೆ ತೋರಿಸಿದೆ.

“ಅದ ಆಕುವಾಗ ನಿಮ್ಮವ್ವ ಉಣ್ಣಕ್ಕೆ ಕೂಗಿದ್ಲು ಕಣಮ್ಮಿ,” ಎಂದರು.

ಆಗಿನಿಂದ ಡೈರಿ ಬರೆಯುವುದು ಬಿಟ್ಟಿಲ್ಲ. ದಿನಕ್ಕೆ ಒಂದೇ ಪುಟ. ಮೇಲೆ ತಾರೀಖು, ಅದರ ಕೆಳಗೆ ಮಗ್ಗದಲ್ಲಿ ಯಾರು ಕೂತರು, ಎಷ್ಟು ಮೊಳ ಇಳಿಯಿತು, ಎಷ್ಟು ಎಳೆ ಹರಿಯಿತು. ಉಳಿದದ್ದು ಜಾಗವಿದ್ದರೆ. 1968ರ ಮಳೆಗಾಲದ ಪುಟಗಳನ್ನು ಈಗ ತೆಗೆದರೆ ‘ಉಳಿದದ್ದು’ ಅಂಚಿನ ತನಕ ತುಂಬಿ, ಮುಂದಿನ ದಿನದ ಪುಟಕ್ಕೂ ಹರಿದಿದೆ.

ಆ ವರ್ಷ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಒಂದು ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಸಹಾಯಕಿಯಾಗಿದ್ದೆ. ಗಾಜಿನ ಸಾಮಾನು ತೊಳೆಯುವುದು, ಪಟ್ಟಿ ಇಡುವುದು, ಇದ್ದ ಒಂದೇ ಮೈಕ್ರೋಸ್ಕೋಪಿಗೆ ಮಕ್ಕಳ ಕೈ ತಾಗದಂತೆ ಕಾಯುವುದು ನನ್ನ ಕೆಲಸ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ, ನಾನು.

ಅತ್ತಿಗೆ ಹನೂರು ಕಡೆಯ ಬೇಸಾಯದ ಮನೆಯವಳು. ಮದುವೆಯಾಗಿ ಬರುವವರೆಗೆ ಮಗ್ಗವನ್ನು ಹತ್ತಿರದಿಂದ ನೋಡಿರಲಿಲ್ಲ. ಬಂದ ವರ್ಷದಲ್ಲೇ ನಮ್ಮ ಕಸುಬಿನ ಅತ್ಯಂತ ಬೇಸರದ ಕೆಲಸವನ್ನು ತಾನಾಗಿ ಕೇಳಿ ಕಲಿತಳು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತೇವೆ. ಒಂದು ಹಾಸು ಮುಗಿಯುತ್ತಾ ಬಂದಾಗ ಅದರ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೆ ಅದರ ಪಕ್ಕದ್ದೂ ತಪ್ಪುತ್ತದೆ. ಅತ್ತಿಗೆ ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದಳು. ಮುಗಿಸಿದ ಮೇಲೆ ಬೂದಿ ಮೆತ್ತಿದ ಬೆರಳನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. ಎಷ್ಟು ಹೊತ್ತಿನಲ್ಲಿ ಮುಗಿಯಿತೆಂದು ನಾನು ಡೈರಿಯಲ್ಲಿ ಬರೆಯಬೇಕು, ಅದು ಅವಳಿಗೆ ಬೇಕು.

ಆ ಜೂನ್‌ನಲ್ಲಿ ಅವಳು ಸೇರಿಸಿದ ಹಾಸಿನಲ್ಲಿ ಮೂರು ಸೀರೆ ಬರಬೇಕಿತ್ತು. ಮೊದಲನೆಯದು ಅಂಗಡಿಯಿಂದ ವಾಪಸ್ಸು ಬಂತು. ಬಿಚ್ಚಿ ಹಾಸಿದಾಗ ನಮಗೂ ಕಂಡಿತು: ಬುಟ್ಟಾ ಸಾಲುಗಳು ಅಂಚಿನ ಪಕ್ಕದಲ್ಲಿ ಶುರುವಾಗಿ, ಅಲ್ಲಲ್ಲಿ ಎಡಕ್ಕೆ ವಾಲಿ, ಮತ್ತೆ ನೆಟ್ಟಗಾಗಿ, ಮತ್ತೆ ವಾಲಿದ್ದವು. ಅಪ್ಪ ಎಳೆಗಳ ನಡುವೆ ಹಲ್ಲಿನಂತೆ ನಿಲ್ಲುವ ಹಣಿಗೆಯನ್ನು ಬಿಚ್ಚಿ ಬೇರೆ ಹಣಿಗೆ ಹಾಕಿಸಿದರು. ಎರಡನೆಯ ಸೀರೆಯಲ್ಲೂ ಸಾಲು ವಾಲಿತು. ಮಗ್ಗದ ಕಂಬಕ್ಕೆ ಬಡಗಿಯನ್ನು ಕರೆಸಿ ಬೆಣೆ ಹೊಡೆಸಿದರು. ಅದಾದ ಮೇಲೂ ವಾಲಿತು.

ಜುಲೈ ಎರಡನೇ ಸೋಮವಾರ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡಿಕೊಂಡೇ ಹೇಳಿದರು. “ಅಣಿಗೆ ಸರಿಯಾಗದ, ಮಗ್ಗ ಸರಿಯಾಗದ. ಇನ್ನೇನ್ ಉಳೀತು? ಸೇರಿಸ್ದೋರ ಕೈ. ಎಳೆ ಅದಲುಬದಲಾಗವೆ. ಅವು ಎಳ್ಕಂಡು ಎಳ್ಕಂಡು ಬುಟ್ಟಾವ ವಾಲುಸ್ತವೆ.”

ಸಾರು ಬಡಿಸುತ್ತಿದ್ದ ಅತ್ತಿಗೆ ಸೌಟನ್ನು ಅಲ್ಲೇ ಹಿಡಿದಳು. “ಒಂದೆಳೇನೂ ತಪ್ಪಿಲ್ಲ ಮಾವ.”

“ರಾಗಿ ಕುಯ್ಯೋ ಕೈಗೆ ರೇಷ್ಮೆ ಕೊಟ್ಟಿದ್ದು ನನ್ನ ತಪ್ಪು ಬುಡವ್ವ. ಮುಂದಿನ್ದ ಪಕ್ಕದ ಬೀದಿಯೋನು ಬಂದು ಸೇರುಸ್ತಾನೆ. ಮಾತಾಡಿ ಬಂದಿವ್ನಿ.”

ಅಣ್ಣ ತಲೆ ಎತ್ತಲಿಲ್ಲ. ಅತ್ತಿಗೆ ಆ ದಿನ ಊಟ ಮಾಡಲಿಲ್ಲ. ಹಿತ್ತಲಿಗೆ ಹೋದಾಗ ಅವಳು ನನಗೆ ಹೇಳಿದ್ದು ಇಷ್ಟೇ: “ಮಾವ ಮಾತಾಡಿ ಬಂದವ್ರೆ ಅಂದ್ರೆ ಬೀದಿಗೆಲ್ಲ ಗೊತ್ತಾಯ್ತು ಅಂತ. ಇನ್ನ ನಾನು ಈ ಮನೇಲಿ ಬರೀ ಮುದ್ದೆ ತಿರುವೋಳು ಕಣಮ್ಮಿ.”

ನನಗೆ ಎರಡೂ ಕಡೆಯ ಮಾತು ನಿಜವೆನಿಸಿತು. ಸೀರೆ ವಾಲಿದ್ದು ಕಣ್ಣಿಗೆ ಕಾಣುತ್ತಿತ್ತು. ಅತ್ತಿಗೆ ಸೇರಿಸುವಾಗ ನಾನೂ ಪಕ್ಕದಲ್ಲಿ ಕೂತಿದ್ದೆ, ತಪ್ಪಿದ್ದು ಕಂಡಿರಲಿಲ್ಲ. ಡೈರಿ ತೆಗೆದು ಮೂರು ವಾರದ ಪುಟ ಹರಡಿಕೊಂಡೆ. ಎರಡನೆಯ ಸೀರೆ ನಡೆಯುವಾಗ ಅಪ್ಪ ಎರಡು ದಿನ ಯಳಂದೂರಿಗೆ ಮದುವೆಗೆ ಹೋಗಿದ್ದರು, ಆಗ ಅಣ್ಣ ಕೂತಿದ್ದ. ಎಷ್ಟನೆಯ ಮೊಳದಿಂದ ಎಷ್ಟನೆಯದಕ್ಕೆ ಎಂದು ಬರೆದಿದ್ದೆ. ಸೀರೆ ಹಾಸಿ ಮೊಳ ಹಾಕಿದೆ. ಅಣ್ಣ ನೇಯ್ದಷ್ಟೂ ಸಾಲು ಗೆರೆ ಎಳೆದಂತಿತ್ತು.

ಅಪ್ಪನಿಗೆ ತೋರಿಸಿದೆ. ಅವರು ಒಪ್ಪಲಿಲ್ಲ. “ಅವನು ಎಣಿಸ್ಕಂಡು ಆಕ್ತಾನೆ. ಎಳೆ ಎತ್ತಗೆ ಓದ್ರೂ ಎಣಿಸಿದ್ರೆ ಸರಿಯಾಗೇ ಬರ್ತದೆ. ಎಳೆ ಸರಿಯಿದ್ದಿದ್ರೆ ಎಣಿಸೋದ್ ಯಾಕಮ್ಮಿ?”

ಆ ಮಾತಿನಲ್ಲೂ ಅರ್ಥವಿತ್ತು. ಆದ್ದರಿಂದ ಹಾಸನ್ನು ಬಿಟ್ಟು, ಗೆರೆ ನೆಟ್ಟಗಿದೆ ಎಂದು ಮೊದಲೇ ಗೊತ್ತಿರುವ ಬೇರೆ ಏನನ್ನಾದರೂ ಅಪ್ಪನಿಗೆ ತೋರಿಸಬೇಕು ಎಂದುಕೊಂಡೆ. ಆ ಗುರುವಾರ ಶಾಲೆಯಿಂದ ಒಂದು ಗ್ರಾಫ್ ಹಾಳೆ ತಂದು ಗೋಡೆಗೆ ಹಚ್ಚಿದೆ. ಅಪ್ಪ ನಕ್ಕು, ಎಂದಿನಂತೆ ಎಡಗಣ್ಣು ಮುಚ್ಚಿ ನೋಡಿದರು.

“ಯಾರಮ್ಮಿ ಇದ ಗೀಚಿರೋರು? ನಡೂಲಿ ಗೆರೆಯೆಲ್ಲ ಬಲಕ್ಕೆ ಉಬ್ಬವೆ.”

“ಅಚ್ಚಾಗಿ ಬಂದಿರೋ ಆಳೆ ಅಪ್ಪ.”

“ಅಚ್ಚು ಆಕುದೋನೂ ಕುಡ್ದಿದ್ನೇನೋ.”

ಮುಂದಿನದನ್ನು ನಾನು ಹೇಳಿಕೊಡಲಿಲ್ಲ. ಬಟ್ಟೆಯಲ್ಲಿ ದೋಷ ಕಂಡರೆ ನೇಕಾರರು ಮೊದಲು ಬಟ್ಟೆಯನ್ನು ತಿರುಗಿಸುತ್ತಾರೆ. ದೋಷ ಬಟ್ಟೆಯದಾದರೆ ಬಟ್ಟೆಯ ಜೊತೆ ತಿರುಗುತ್ತದೆ, ನೆರಳಿನದಾದರೆ ಇದ್ದಲ್ಲೇ ಇರುತ್ತದೆ. ಅಪ್ಪನ ಕೈ ಅಭ್ಯಾಸದಿಂದ ಹಾಳೆ ಕಿತ್ತು ತಲೆಕೆಳಗು ಮಾಡಿ ಹಿಡಿಯಿತು. ನೋಡಿದರು. ಮತ್ತೆ ಅಡ್ಡ ಮಾಡಿದರು. ಉಬ್ಬು ಎಡಕ್ಕೆ ಹೋಗಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಬಲಗಡೆಯೇ ಇತ್ತು. ಕಿಟಕಿಯ ಹತ್ತಿರ ಹೋಗಿ ನೋಡಿದರು, ಬೀದಿಗೆ ಬಂದು ನೋಡಿದರು. ಕೊನೆಗೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು. ಹಾಳೆಯನ್ನು ನನ್ನ ಕೈಗೆ ಕೊಟ್ಟು ಜಗಲಿಯ ಮೇಲೆ ಕೂತರು.

“ಎಡಗಣ್ಣಲ್ಲಿ ನೆಟ್ಟಗದ,” ಎಂದರು.

ನನಗೆ ಒಂದೇ ಸಲಕ್ಕೆ ತಿಳಿಯಿತು. ನೇರವಾದ ಸಾಲು ಅವರಿಗೆ ಬಲಕ್ಕೆ ಬಾಗಿ ಕಾಣುತ್ತಿತ್ತು. ಅದನ್ನು ಸರಿಮಾಡಲು ಅವರು ಪ್ರತಿ ಬುಟ್ಟಾವನ್ನೂ ಒಂದಿಷ್ಟು ಎಡಕ್ಕೆ ಹಾಕುತ್ತಿದ್ದರು. ವಾಲದೆ ಇದ್ದ ಸೀರೆಯನ್ನು ತಿದ್ದಿ ತಿದ್ದಿ ವಾಲಿಸಿದ್ದರು.

ಅತ್ತಿಗೆಗೆ ಹೇಳೋಣವೇ ಎಂದೆ. “ತಡಿ. ಯಾಕಿಂಗಾಯ್ತು ಅಂತ ಮೊದ್ಲು ತಿಳ್ಕಳವ. ಕಾರಣ ಗೊತ್ತಿಲ್ದೆ ಯಾರ್ ಮುಂದೆ ಏನಂತ ಯೋಳದು?” ಎಂದರು. ಆ ಆರು ದಿನ ಅತ್ತಿಗೆ ಮಗ್ಗದ ಕೋಣೆಗೆ ಕಾಲಿಡಲಿಲ್ಲ. ಅವಳಿಗೆ ಹೇಳದೆ ಉಳಿದದ್ದಕ್ಕೆ ನನ್ನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಯಳಂದೂರಿನಲ್ಲಿ ನಿವೃತ್ತರಾದ ಒಬ್ಬ ಕಣ್ಣಿನ ಡಾಕ್ಟರಿದ್ದರು. ಬೆಳಿಗ್ಗೆ ಹೊತ್ತು ಮನೆಯ ಪಡಸಾಲೆಯಲ್ಲೇ ನೋಡುತ್ತಿದ್ದರು. ಬುಧವಾರ ಮೊದಲ ಬಸ್ಸಿಗೆ ಹೋದೆವು. ಅವರು ಅಪ್ಪನ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗುವ ತನಕ ಕೂರಿಸಿ, ಸಣ್ಣ ದೀಪದ ಉಪಕರಣ ಹಿಡಿದು ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು.

“ಯಜಮಾನರೇ, ಕಣ್ಣಿನ ಹಿಂದುಗಡೆ ಬೆಳಕು ಬೀಳೋ ಒಂದು ಪದರ ಇದೆ, ರೆಟಿನಾ. ಅದರ ನಡುವೆ ಸಾಸಿವೆ ಕಾಳಿನಷ್ಟು ಜಾಗ, ಮ್ಯಾಕುಲಾ. ಸೂಜಿಗೆ ದಾರ ಪೋಣಿಸೋದು, ಅಕ್ಷರ ಓದೋದು, ನಿಮ್ಮ ಬುಟ್ಟಾ ಸಾಲು ಹಿಡಿಯೋದು, ಎಲ್ಲ ಆ ಜಾಗದ್ದೇ ಕೆಲಸ. ನಿಮ್ಮ ಬಲಗಣ್ಣಲ್ಲಿ ಅದರ ಮೇಲೆ ತೆಳ್ಳಗೆ ಒಂದು ಪೊರೆ ಬೆಳೆದಿದೆ. ಅದು ಮುದುರಿಕೊಂಡು ಕೆಳಗಿನ ಪದರಾನೂ ಮುದುರಿಸಿದೆ.”

“ಪೊರೆ ತಾನೆ ಸಾ? ತಗುದ್ಬುಡಿ. ನಮ್ಮ ಬೀದೀಲಿ ಇಬ್ರು ತಗ್ಸವ್ರೆ.”

“ಅವರದ್ದು ಕಣ್ಣಿನ ಮುಂದುಗಡೆಯದು. ಇದು ಹಿಂದಿನದು. ಇದನ್ನು ಸುಲಿಯೋ ಕೈ ನನಗೆ ಗೊತ್ತಿರೋ ಕಡೆ ಎಲ್ಲೂ ಇಲ್ಲ. ಕೆಲವರಿಗೆ ಇಷ್ಟಕ್ಕೇ ನಿಲ್ಲುತ್ತೆ, ಕೆಲವರಿಗೆ ಇನ್ನಷ್ಟು ಬಿಗಿಯುತ್ತೆ. ಎಡಗಣ್ಣು ಚೆನ್ನಾಗಿದೆ.”

ನನಗೆ ಸುಮ್ಮನಿರಲಾಗಲಿಲ್ಲ. ಮೇಲೊಂದು ಪೊರೆ ಬೆಳೆದಿದೆ ಎಂದು ಹೇಗೆ ಗೊತ್ತು, ಆ ಪದರವೇ ತಾನಾಗಿ ಸುಕ್ಕುಗಟ್ಟಿರಬಾರದೇಕೆ ಎಂದು ಕೇಳಿದೆ. ಡಾಕ್ಟರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ಇದನ್ನ ನನ್ನ ಸ್ಟೂಡೆಂಟ್ಸೂ ಕೇಳಲಿಲ್ಲವಲ್ಲಮ್ಮ,” ಎಂದು ಒಳಗೆ ಹೋಗಿ ಒಂದು ಮರದ ಪೆಟ್ಟಿಗೆ, ಹಿತ್ತಾಳೆಯ ಮೈಕ್ರೋಸ್ಕೋಪ್ ತಂದರು. ಕಿಟಕಿಯ ಬಳಿ ಇಟ್ಟು ಕೆಳಗಿನ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದರು. ಪೆಟ್ಟಿಗೆಯಲ್ಲಿ ಗಾಜಿನ ಸ್ಲೈಡುಗಳು. ಇಂಥದೇ ಪೊರೆ ಬೆಳೆದಿದ್ದ, ಸತ್ತವರ ಕಣ್ಣಿನಿಂದ ತೆಗೆದು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿದವು. ಕೆಲಸದಲ್ಲಿದ್ದಾಗ ಅವರೇ ಮಾಡಿಕೊಂಡದ್ದಂತೆ.

ಮೊದಲು ನಾನು ನೋಡಿದೆ. ನೇರಳೆ ಚುಕ್ಕಿಗಳ ಮೂರು ಸಾಲು, ಅವುಗಳ ನಡುವೆ ಗುಲಾಬಿ ಬಣ್ಣದ ಜಾಗ; ಅದು ರೆಟಿನಾ ಪದರ. ಕೆಳಗಿನ ಸಾಲು ದಟ್ಟ, ಮೇಲಿನದು ತೀರಾ ವಿರಳ. ಎಲ್ಲಕ್ಕೂ ಮೇಲೆ ಒಂದು ಎಳೆ, ಅಲ್ಲಲ್ಲಿ ಉದ್ದನೆಯ ಚುಕ್ಕಿ ಹೊತ್ತುಕೊಂಡು ಹೋಗುತ್ತಿತ್ತು. ಅದು ಪದರಕ್ಕೆ ಅಂಟಿದ್ದಲ್ಲಿ ಪದರ ಅಲೆಯಲೆಯಾಗಿತ್ತು. ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಎಳೆ ಕೆಳಕ್ಕೆ ಇಳಿದಿರಲಿಲ್ಲ, ಒಗೆದ ಬಟ್ಟೆ ಹಾಕುವ ಹಗ್ಗದಂತೆ ನೇರವಾಗಿ ದಾಟಿತ್ತು. ಪದರವೇ ಸುಕ್ಕುಗಟ್ಟಿದ್ದರೆ ಹೀಗೆ ದಾಟುವ ಎಳೆ ಇರುತ್ತಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಪ್ಪ ನೋಡುತ್ತೇನೆ ಎಂದರು. ಹನಿ ಹಾಕಿದ್ದ ಕಣ್ಣು ಬೆಳಕಿಗೆ ಚುಚ್ಚುತ್ತಿದ್ದರೂ ಬಗ್ಗಿ, ಅಭ್ಯಾಸದಂತೆ ಎಡಗಣ್ಣು ಮುಚ್ಚಿದರು.

“ಎಲ್ಲ ಸೊಟ್ಟ ಅದ ಸಾ.”

“ಎಡಗಣ್ಣಲ್ಲಿ ನೋಡಿ.”

“ಇದ್ರಲ್ಲೂ ಸೊಟ್ಟವೇ! ಇದೂ ಓಯ್ತಾ ನಂದು?”

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸ್ಲೈಡೇ ಸೊಟ್ಟ ಯಜಮಾನರೇ. ಅದನ್ನೇ ತೋರಿಸ್ತಿರೋದು.” ಸ್ಲೈಡನ್ನು ಒಂದು ಕಡ್ಡಿಯಷ್ಟು ಸರಿಸಿ, ಪೊರೆ ಇಲ್ಲದ ಜಾಗಕ್ಕೆ ತಂದರು. ಅಲ್ಲಿ ಸಾಲುಗಳು ಎಡಗಣ್ಣಿಗೆ ನೆಟ್ಟಗೆ, ಬಲಗಣ್ಣಿಗೆ ಬಾಗಿ ಕಂಡವು. ಆಮೇಲೆ ಅಪ್ಪ ನಮ್ಮಿಬ್ಬರ ಕಡೆ ತಿರುಗಲೇ ಇಲ್ಲ. ತಾವೇ ಸ್ಲೈಡನ್ನು ಆಚೆ ಈಚೆ ಸರಿಸುತ್ತಾ, ಕಣ್ಣು ಬದಲಿಸುತ್ತಾ ಹತ್ತು ನಿಮಿಷ ನೋಡಿದರು.

“ನಾವು ಅಡ್ಡಡ್ಡ ಒಕ್ಕಿನ ಎಳೆ ನೇಯುವಾಗ ಒಂದೆಳೆ ಜಾಸ್ತಿ ಬಿಗಿ ಎಳುದ್ಬುಟ್ರೆ ಬಟ್ಟೆ ಇಂಗೇ ಮುದುರ್ಕತದೆ ಸಾ,” ಎಂದರು ತಲೆ ಎತ್ತದೆ. “ಬಟ್ಟೇದೇನೂ ತಪ್ಪಿರಕಿಲ್ಲ. ಬಿಗಿಯಾಗಿರೋ ಎಳೇದು ತಪ್ಪು.” ಸ್ಲೈಡನ್ನು ಇನ್ನೊಮ್ಮೆ ಸರಿಸಿ, “ಇದು ಯಾರ ಕಣ್ಣು?”

“ಹೆಸರು ನನಗೂ ಗೊತ್ತಿಲ್ಲ.”

“ಅವ್ರೂ ನೇಕಾರ್ರಾ?”

“ಗೊತ್ತಿಲ್ಲ ಯಜಮಾನರೇ.”

ಆ ಪೊರೆಯ ಚುಕ್ಕಿಗಳು ಎಲ್ಲಿಂದ ಬಂದವು, ಕೆಳಗಿನ ಪದರದಿಂದಲೇ ತೂರಿಕೊಂಡು ಮೇಲೆ ಬಂದವೇ, ರಕ್ತನಾಳದಿಂದ ಬಂದವೇ ಎಂದು ನಾನು ಕೇಳಿದೆ. ಅವರು ಮೂರನೆಯ ಸಲ ‘ಗೊತ್ತಿಲ್ಲ’ ಎಂದರು. ಆ ಪೆಟ್ಟಿಗೆಯ ಸ್ಲೈಡುಗಳನ್ನೆಲ್ಲ ಮತ್ತೆ ಮತ್ತೆ ನೋಡಿದ್ದಾರಂತೆ, ಇನ್ನೂ ತೀರ್ಮಾನವಾಗಿಲ್ಲವಂತೆ. ಅಷ್ಟು ಓದಿದವರು ಅಷ್ಟು ಸಲೀಸಾಗಿ ಹಾಗೆ ಹೇಳಿದ್ದು ನನಗೆ ಆ ದಿನದ ದೊಡ್ಡ ಆಶ್ಚರ್ಯ. ಮುಂದೆ ಐದು ಭಾನುವಾರ ನಾನೊಬ್ಬಳೇ ಹೋಗಿ, ಒಂದೇ ಕಣ್ಣಿನಿಂದ ಸಾಲಾಗಿ ಸೀಳಿದ ಹದಿನಾರು ಸ್ಲೈಡುಗಳನ್ನು ತೆಳು ಕಾಗದದ ಮೇಲೆ ಬರೆದುಕೊಂಡು ಒಂದರ ಹಿಂದೊಂದು ಜೋಡಿಸಿದೆ. ಸುಕ್ಕುಗಳೆಲ್ಲ ಒಂದೇ ಗಂಟಿನ ಕಡೆಗೆ ಹೋಗುತ್ತಿದ್ದವು. ಗಂಟಿನ ಹತ್ತಿರ ಹೆಚ್ಚು ಚುಕ್ಕಿ, ದೂರ ಹೋದಂತೆ ಕಡಿಮೆ. ಯಾಕೆ ಎಂಬ ಕಡೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ.

ಆ ಬುಧವಾರ ಮಧ್ಯಾಹ್ನದ ಬಸ್ಸಿನಲ್ಲಿ ಅಪ್ಪ ಬಿಸಿಲು ತಾಳಲಾರದೆ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ಊರು ಹತ್ತಿರ ಬಂದಾಗ ಅದರೊಳಗಿಂದಲೇ ಕೇಳಿದರು.

“ನಿಮ್ಮತ್ತಿಗೆಗೆ ಏನಂತ ಯೋಳ್ಳಿ?”

“ಕಂಡದ್ದ ಯೋಳಿ.”

“ಕಂಡದ್ದ ಯೋಳೇ ಕಣಮ್ಮಿ ಇಷ್ಟೆಲ್ಲ ಆಗಿರದು.”

ಆ ಸಂಜೆ ಅವರು ಏನೂ ಹೇಳಲಿಲ್ಲ. ನಾನೇ ಹೇಳಿಬಿಡಬೇಕು ಎಂದು ಅಡುಗೆಮನೆಯ ಬಾಗಿಲ ತನಕ ಹೋಗಿ ಎರಡು ಸಲ ಹಿಂದೆ ಬಂದೆ. ಅದು ಅಪ್ಪನ ಬಾಯಿಂದ ಬರಬೇಕಾದ ಮಾತು.

ಗುರುವಾರ ಬೆಳಿಗ್ಗೆ ಪಕ್ಕದ ಬೀದಿಯವನು ಬೂದಿಯ ಬಟ್ಟಲು ಹಿಡಿದು ಬಂದ. ಮಗ್ಗದ ಹಿಂದೆ ಹೊಸ ಹಾಸು ಕಟ್ಟಿತ್ತು. ಅತ್ತಿಗೆ ಒಳಗೆ ಅಲಸಂದೆಕಾಯಿ ಬಿಡಿಸುತ್ತಿದ್ದಳು. ಕೂತಲ್ಲಿಂದ ಮಗ್ಗ ಕಾಣುತ್ತಿರಲಿಲ್ಲ, ಮಾತು ಕೇಳಿಸುತ್ತಿತ್ತು. ಅಪ್ಪ ಬಾಗಿಲಲ್ಲೇ ಅವನನ್ನು ತಡೆದು, ಬೇಕೆಂದೇ ಗಟ್ಟಿಯಾಗಿ ಹೇಳಿದರು.

“ನೀ ಓಗಪ್ಪ. ಎಳೆ ಎಲ್ಲ ಸರಿಯಾಗೇ ಸೇರಿದ್ದೊ. ನನ್ನ ಬಲಗಣ್ಣು ಸೊಟ್ಟ. ಒಳಗೆ ಪದರ ಮುದುರ್ಕಂಡದೆ. ಯಳಂದೂರಲ್ಲಿ ನಾನೇ ನೋಡ್ಕಂಡು ಬಂದೆ.”

ಅವನು ಬಟ್ಟಲು ಹಿಡಿದೇ ನಿಂತ. “ಏನಣ್ಣೋ ಇದು! ಸೊಸೆ ಕೈ ಸರಿಯಿಲ್ಲ ಅಂತ ಇಡೀ ಬೀದಿಗೆ ಯೋಳ್ಕಂಡು ಬಂದ್ಯಲ್ಲ?”

“ಅದ್ಕೇ ನಿಂಗೆ ಯೋಳ್ತಾ ಇರದು. ಈಗ ನೀ ಓಗಿ ಇಡೀ ಬೀದಿಗೆ ಇದ್ನ ಯೋಳು. ನನಗಿಂತ ನಿನ್ನ ಬಾಯಿ ಜೋರು.”

ಅವನು ನಗುತ್ತಾ ಹೋದ. ಅತ್ತಿಗೆ ಎದ್ದು ಬಂದಳು. ಕೈಯಲ್ಲಿ ಅಲಸಂದೆಯ ಸಿಪ್ಪೆ ಇನ್ನೂ ಇತ್ತು. ಅಪ್ಪನ ಮುಖವನ್ನೇ ನೋಡಿದಳು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

“ಕೂತ್ಕಳವ್ವ,” ಎಂದು ಅಪ್ಪ ಹಾಸಿನ ಕಡೆ ಕೈ ತೋರಿದರು.

“ಇವತ್ತು ಆಗಕಿಲ್ಲ ಮಾವ.”

“ಯಾಕವ್ವ, ಮೈ ಸರಿಯಿಲ್ವಾ?”

“ಮೈ ಸರಿಯಾಗೇ ಅದ. ನಾಳಕ್ಕೆ ಕೂರ್ತೀನಿ.”

ಅಣ್ಣ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಅತ್ತಿಗೆ ಒಳಗೆ ಹೋಗಿ ಉಳಿದ ಅಲಸಂದೆಕಾಯಿಯನ್ನು ನಿಧಾನವಾಗಿ ಬಿಡಿಸಿದಳು. ಮಧ್ಯಾಹ್ನ ಜಗಲಿಯ ಮೇಲೆ ಕಾಲು ಚಾಚಿ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದಳು. ಮೂವರು ಆಗಲೇ ಸುದ್ದಿ ಕೇಳಿಕೊಂಡೇ ಬಂದಿದ್ದರು. ಅಪ್ಪ ಮಗ್ಗದ ಮುಂದೆ ಕೂತು ಎಡಗಣ್ಣಿನಿಂದ ಹಾಸಿನ ಎಳೆ ಎಣಿಸುವುದನ್ನು ಅಭ್ಯಾಸ ಮಾಡಿದರು. ತಪ್ಪಿದಾಗಲೆಲ್ಲ ಅಂಚಿನಿಂದ ಮತ್ತೆ ಶುರು. ಹೊತ್ತು ಮುಳುಗುವ ತನಕ ಲಾಳಿಯ ಸದ್ದಿಲ್ಲದ ಮನೆಯಲ್ಲಿ ಆ ಎಣಿಕೆ ಕೇಳಿಸುತ್ತಿತ್ತು.

ಆ ದಿನದ ಪುಟದಲ್ಲಿ ಬರೆದಿದ್ದೇನೆ: ‘ಗುರುವಾರ. ಇಳಿದ ಮೊಳ: ಇಲ್ಲ. ಹರಿದ ಎಳೆ: ಇಲ್ಲ. ಮಗ್ಗ ಇಡೀ ದಿನ ನಿಂತಿತ್ತು.’ ಕಾರಣ ಏನು ಬರೆಯಲಿ ಎಂದು ಅತ್ತಿಗೆಯನ್ನೇ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ನಂಗೆ ರಜ ಅಂತ ಬರ್ಕೊ,” ಎಂದಳು. ಹಾಗೇ ಬರೆದುಕೊಂಡೆ. ಶುಕ್ರವಾರ ನಾವು ಏಳುವ ಮೊದಲೇ ಅವಳು ಹಾಸಿನ ಮುಂದೆ ಕೂತು ಮೊದಲ ಎಳೆಗಳನ್ನು ಹೊಸೆಯುತ್ತಿದ್ದಳು.